ಆನೆಗೊಂದಿಯಲ್ಲಿ ಒಂದು ದಿನ: ಬಾಲಿಕೆಯರ ಪ್ರವಾಸವನ್ನು ಏರ್ಪಡಿಸುವ ಕ್ರಮ

ಶಾಲೆಯ ಗೋಡೆಗಳೊಳಗೆ ಕಲಿತ ವಿದ್ಯೆಯು ಗೋಡೆಗಳ ಹೊರಗೆ ಪರೀಕ್ಷೆಗೆ ಒಳಗಾಗುವುದು. ನದಿ, ಅಣೆ, ಕಾಲುವೆ, ಗದ್ದೆ ಎಂಬ ಮಾತುಗಳನ್ನು ಭೂಗೋಲದ ಪುಸ್ತಕದಿಂದ ಬಾಯಿಪಾಠ ಮಾಡಿದ ಬಾಲಿಕೆಯು, ಹರಿಯುವ ಕಾಲುವೆಯನ್ನು ಕಂಡಾಗ ಈ ನೀರು ಎಲ್ಲಿಂದ ಬಂದಿತು, ಯಾರು ತಂದರು, ಎಲ್ಲಿಗೆ ಹೋಗುವುದು ಎಂದು ಕೇಳದೆ ಹೋದರೆ, ಅವಳ ಪಾಠವು ಅರ್ಧಕ್ಕೇ ನಿಂತಿತೆಂದು ತಿಳಿಯಬೇಕು. ಆದಕಾರಣ ವರ್ಷಕ್ಕೆ ಒಂದು ದಿನವಾದರೂ ಮಕ್ಕಳನ್ನು ಹೊರಗೆ ಕರೆದೊಯ್ಯುವುದು ವಿದ್ಯಾಭ್ಯಾಸದ ಒಂದು ಅಂಗವೇ ಆಗಿರುತ್ತದೆ.

ಆದರೂ ಹೆಣ್ಣುಮಕ್ಕಳ ಪ್ರವಾಸವೆಂದೊಡನೆ ಅನೇಕ ಮನೆಗಳಲ್ಲಿ ತಾಯಿತಂದೆಗಳು ಹಿಂದೆಗೆಯುವರು. ಮಗನು ಸ್ನೇಹಿತರೊಡನೆ ಹೊಳೆಗೆ ಹೋದರೆ ಕೇಳುವವರಿಲ್ಲ. ಮಗಳು ಉಪಾಧ್ಯಾಯಿನಿಯರೊಡನೆ ಹೊರಟರೆ ನೂರು ಪ್ರಶ್ನೆಗಳು ಏಳುವುವು. ಆ ಪ್ರಶ್ನೆಗಳು ಅನ್ಯಾಯವಾದವುಗಳಲ್ಲ. ನೀರಿರುವ ಸ್ಥಳದಲ್ಲಿ ಅಪಾಯವೂ ಉಂಟು. ಆದರೆ ಅವುಗಳಿಗೆ ತಕ್ಕ ಉತ್ತರವು ನಿರಾಕರಣೆಗಿಂತ ಸರಿಯಾದ ಏರ್ಪಾಡಿನಲ್ಲಿ ಸಿಕ್ಕುವುದೆಂಬುದನ್ನು, ನಮ್ಮ ಜಿಲ್ಲೆಯದೇ ಆದ ಒಂದು ಹಳ್ಳಿಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಇಲ್ಲಿ ತೋರಿಸಲಾಗುವುದು.

೧. ಸ್ಥಳವನ್ನು ಆರಿಸುವುದು

ಮಗ್ಗಗಳ ಊರಾದ ಭಾಗ್ಯನಗರದಿಂದ ಬೆಳಿಗ್ಗೆ ಹೊರಟು, ದೀಪ ಹಚ್ಚುವುದರೊಳಗಾಗಿ ಹಿಂದಿರುಗಬಹುದಾದ ಸ್ಥಳಗಳಲ್ಲಿ ಗಂಗಾವತಿ ತಾಲೂಕಿನ ಆನೆಗೊಂದಿಯು ಮುಖ್ಯವಾದದ್ದು. ಅದು ತುಂಗಭದ್ರೆಯ ಉತ್ತರದ ದಡದಲ್ಲಿ ಹಂಪೆಗೆ ಎದುರಾಗಿ ಇರುವುದು. ೧೩೩೬ರಲ್ಲಿ ಸ್ಥಾಪಿತವಾಯಿತೆಂದು ಹೇಳಲ್ಪಡುವ ವಿಜಯನಗರಕ್ಕೂ ಹಿಂದಿನ ಕೋಟೆಯೂರು ಇದು. ಸುಮಾರು ೧೫೨೦ರಲ್ಲಿ ವಿಜಯನಗರವನ್ನು ಕಂಡ ಪೋರ್ತುಗೀಸ್ ಪ್ರವಾಸಿಯಾದ ದೊಮಿಂಗೊ ಪಾಯಸನು, ಇದು ಹಳೆಯ ರಾಜಧಾನಿಯೆಂದೂ, ಜನರು ದುಂಡಗಿನ ಬುಟ್ಟಿಯಂಥ ದೋಣಿಗಳಲ್ಲಿ ನದಿಯನ್ನು ದಾಟುತ್ತಿದ್ದರೆಂದೂ ಬರೆದಿಟ್ಟಿದ್ದಾನೆ. ಬೆತ್ತದಿಂದ ಹೆಣೆದು ಚರ್ಮ ಹೊದಿಸಿದ ಆ ಹರಿಗೋಲುಗಳು ಹದಿನೈದಿಪ್ಪತ್ತು ಮಂದಿಯನ್ನು ಹೊರುತ್ತಿದ್ದುವಂತೆ. ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತಿದ್ದುವಂತೆ. ೧೫೬೫ರ ಯುದ್ಧದ ಬಳಿಕ ದಕ್ಷಿಣದ ದಡದ ಮಹಾನಗರವು ಹಾಳಾಯಿತು. ಉತ್ತರದ ದಡದ ಈ ಊರಿನಲ್ಲಿ ಇಂದಿಗೂ ಒಲೆ ಉರಿಯುತ್ತಿದೆ, ಗದ್ದೆಯು ಹಸುರಾಗಿದೆ.

ಹೀಗೇಕೆ? ಈ ಒಂದು ಪ್ರಶ್ನೆಯನ್ನೇ ಪ್ರವಾಸದ ಪ್ರಶ್ನೆಯನ್ನಾಗಿ ಮಾಡಿಕೊಳ್ಳುವುದು ಉತ್ತಮ. ಸಾಮಾನ್ಯವಾಗಿ ಶಾಲೆಗಳ ಪ್ರವಾಸವು ಎಣಿಕೆಯ ಪ್ರವಾಸವಾಗುವುದು: ಇಷ್ಟು ಗುಡಿ, ಇಷ್ಟು ಬಾಗಿಲು, ಇಷ್ಟು ಕಂಬ. ಸಾಯಂಕಾಲಕ್ಕೆ ಕಾಲುಗಳು ದಣಿಯುವುವು, ತಲೆಯಲ್ಲಿ ಏನೂ ನಿಲ್ಲದು. ಆನೆಗೊಂದಿಯಲ್ಲಿ ರಂಗನಾಥನ ಗುಡಿ, ಗಗನಮಹಲು, ಹುಚ್ಚಪ್ಪಯ್ಯನ ಮಠ, ಕೋಟೆಯ ಬಾಗಿಲುಗಳು, ಚಿಂತಾಮಣಿ ಮೊದಲಾದ ನೋಡತಕ್ಕ ಸ್ಥಳಗಳು ಬಹಳವಿದ್ದರೂ, ಅವೆಲ್ಲಕ್ಕೂ ಜೀವವನ್ನು ಕೊಟ್ಟದ್ದು ಊರಿನ ಹೊಲಗದ್ದೆಗಳ ನಡುವೆ ಹರಿಯುವ ಕಾಲುವೆಯು. ನೀರಿನ ಹಾದಿಯನ್ನು ಹಿಡಿದು ನಡೆದರೆ ಮಿಕ್ಕ ಸಂಗತಿಗಳು ತಾವಾಗಿಯೇ ಅದಕ್ಕೆ ಹೊಂದಿಕೊಳ್ಳುವುವು.

೨. ಹೊರಡುವ ಮೊದಲು ತರಗತಿಯಲ್ಲಿ ಹೇಳಬೇಕಾದ ಪಾಠ

ಈ ಪ್ರಾಂತದಲ್ಲಿ ನೀರಿನ ಏರ್ಪಾಡುಗಳು ಎರಡು. ಒಂದು ಹಳೆಯದು, ಮತ್ತೊಂದು ಹೊಸದು. ಇವೆರಡರ ಭೇದವನ್ನು ಮಕ್ಕಳು ಮೊದಲೇ ತಿಳಿದಿರಬೇಕು.

ವಿಜಯನಗರದ ಕಾಲದವರು ನದಿಯನ್ನು ಪೂರ್ತಿಯಾಗಿ ತಡೆದು ನಿಲ್ಲಿಸಲಿಲ್ಲ. ನದಿಯ ಪಾತ್ರದಲ್ಲಿ ಸ್ವಾಭಾವಿಕವಾಗಿಯೇ ಇದ್ದ ಬಂಡೆಗಳ ನಡುವಣ ಸಂದುಗಳನ್ನು ದೊಡ್ಡ ದೊಡ್ಡ ಕಲ್ಲುಗಳಿಂದ ಮುಚ್ಚಿ, ಅಲ್ಲಲ್ಲಿ ಕಬ್ಬಿಣದ ಪಟ್ಟಿಗಳಿಂದ ಕಲ್ಲುಗಳನ್ನು ಒಂದಕ್ಕೊಂದು ಬಿಗಿದು, ತಗ್ಗಾದ ಅಣೆಗಳನ್ನು ಹಾಕಿದರು. ಅಣೆಯು ನೀರನ್ನು ಕೂಡಿಡುವುದಿಲ್ಲ; ಅದರ ಮಟ್ಟವನ್ನು ಸ್ವಲ್ಪ ಏರಿಸುವುದು ಮಾತ್ರ. ಏರಿದ ನೀರಿನ ಒಂದು ಪಾಲು ಪಕ್ಕದ ಕಾಲುವೆಗೆ ತಿರುಗುವುದು, ಮಿಕ್ಕದ್ದು ಅಣೆಯ ಮೇಲಿನಿಂದ ದಾಟಿ ಕೆಳಗಿನ ಊರುಗಳಿಗೆ ಹೋಗುವುದು. ಹಂಪೆಯ ಕಡೆಯಲ್ಲಿ ತುರ್ತು ಕಾಲುವೆ, ನಮ್ಮ ಕಡೆಯಲ್ಲಿ ಆನೆಗೊಂದಿಯ ಕಾಲುವೆ, ಮೇಲಣ ಮತ್ತು ಕೆಳಗಣ ಗಂಗಾವತಿ ಕಾಲುವೆಗಳು ಈ ವರ್ಗಕ್ಕೆ ಸೇರಿದವುಗಳು. ಶತಮಾನಗಳು ಕಳೆದರೂ ಇವು ಇಂದಿಗೂ ಗದ್ದೆಗಳಿಗೆ ನೀರುಣಿಸುತ್ತಿವೆ.

ಹೊಸ ಏರ್ಪಾಡು ತುಂಗಭದ್ರಾ ಜಲಾಶಯವು. ಅದರ ಕೆಲಸವು ೧೯೪೫ರಲ್ಲಿ ಪ್ರಾರಂಭವಾಗಿ, ೧೯೫೩ರಲ್ಲಿ ನೀರು ನಿಂತಿತು. ಒಂದು ದಡವು ಹೊಸಪೇಟೆಯ ಕಡೆಗೂ, ಮತ್ತೊಂದು ನಮ್ಮ ಮುನಿರಾಬಾದಿನ ಕಡೆಗೂ ಇರುವುದು. ಮುನಿರಾಬಾದಿನಿಂದ ಹೊರಡುವ ಎಡದಂಡೆಯ ಕಾಲುವೆಯು ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ೨೨೭ ಕಿಲೋಮೀಟರು ಹರಿಯುವುದು. ೧೫೨೧ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಕಟ್ಟಲ್ಪಟ್ಟ ವಲ್ಲಭಾಪುರದ ಅಣೆಯು ಈ ಜಲಾಶಯದ ನೀರಿನಲ್ಲಿಯೇ ಮುಳುಗಿತು.

ಎರಡರಲ್ಲಿ ಯಾವುದು ಹೆಚ್ಚು ಎಂದು ಮಕ್ಕಳು ಕೇಳುವರು. ಜಲಾಶಯವು ಮಳೆಗಾಲದ ನೀರನ್ನು ಬೇಸಿಗೆಗೆ ಕಾಪಾಡುವುದು. ಆ ಶಕ್ತಿಯು ಅಣೆಗೆ ಇಲ್ಲ. ಆದರೆ ಕೂಡಿಡುವವನಿಗೆ ಹೂಳಿನ ಕಷ್ಟವೂ ಉಂಟು. ಮೊದಲು ಸುಮಾರು ೧೩೩ ಟಿಎಂಸಿ ನೀರನ್ನು ಹಿಡಿಯುತ್ತಿದ್ದ ಈ ಜಲಾಶಯವು ಹೂಳು ತುಂಬಿದ್ದರಿಂದ ಸುಮಾರು ೧೦೬ ಟಿಎಂಸಿಗೆ ಇಳಿದಿರುವುದು. ಇನ್ನೊಂದು ಸಂಗತಿಯನ್ನೂ ಮಕ್ಕಳಿಗೆ ಹೇಳಬೇಕು. ೨೦೨೪ರ ಆಗಸ್ಟ್ ೧೦ರ ರಾತ್ರಿ ಜಲಾಶಯದ ೩೩ ತೂಬುಬಾಗಿಲುಗಳಲ್ಲಿ ೧೯ನೆಯದರ ಸರಪಳಿಯು ಕಡಿದು ಬಾಗಿಲು ಕೊಚ್ಚಿಹೋಯಿತು. ರೈತರ ವರ್ಷದ ಅನ್ನವು ನದಿಯ ಪಾಲಾಗುವುದೋ ಎಂದು ಜಿಲ್ಲೆಯೆಲ್ಲ ತಲ್ಲಣಿಸಿತು. ಹರಿಯುವ ನೀರಿನಲ್ಲಿಯೇ ಕೆಲಸ ಮಾಡಿ, ಸುಮಾರು ಒಂದು ವಾರದೊಳಗೆ ತಾತ್ಕಾಲಿಕ ಹಲಗೆಗಳನ್ನು ಇಳಿಸಿ ಅದನ್ನು ತಡೆದರು. ಹಳೆಯದಾಗಲಿ ಹೊಸದಾಗಲಿ, ನೀರಿನ ಏರ್ಪಾಡು ಕಟ್ಟಿದ ಮಾತ್ರಕ್ಕೆ ಉಳಿಯುವುದಿಲ್ಲ. ದಿನದಿನವೂ ನೋಡಿಕೊಳ್ಳುವವರು ಬೇಕು. ಇದೇ ಈ ಪ್ರವಾಸದ ಮುಖ್ಯ ಪಾಠವು.

ಪವಿತ್ರಶಾಸ್ತ್ರದ ತರಗತಿಯಲ್ಲಿಯೂ ಇದಕ್ಕೆ ಜೊತೆಯಾದ ಪಾಠವೊಂದುಂಟು. ಕ್ರಿಸ್ತಪೂರ್ವ ಎಂಟನೆಯ ಶತಮಾನದ ಕೊನೆಯಲ್ಲಿ ಅರಸನಾದ ಹಿಜ್ಕೀಯನು ಯೆರೂಸಲೇಮಿನ ಗೀಹೋನ್ ಬುಗ್ಗೆಯ ನೀರನ್ನು ಬಂಡೆಯೊಳಗಿನ ಸುರಂಗದ ಮೂಲಕ ಸಿಲೋವ ಕೊಳಕ್ಕೆ ತಂದನು. ಸುರಂಗದ ಉದ್ದವು ಸುಮಾರು ೫೩೩ ಮೀಟರು. ೧೮೮೦ರಲ್ಲಿ ಅಲ್ಲಿಯ ಒಬ್ಬ ಶಾಲಾಬಾಲಕನು ಅದರ ಗೋಡೆಯಲ್ಲಿ ಒಂದು ಶಾಸನವನ್ನು ಕಂಡನು. ಎರಡು ಕೊನೆಗಳಿಂದ ಅಗೆಯುತ್ತ ಬಂದ ಕೆಲಸಗಾರರು, ನಡುವೆ ಒಬ್ಬರ ಧ್ವನಿಯನ್ನು ಒಬ್ಬರು ಕೇಳಿ ಕೂಡಿಕೊಂಡ ವೃತ್ತಾಂತವು ಅದರಲ್ಲಿರುವುದು. ಅರಸನ ಹೆಸರು ಅದರಲ್ಲಿಲ್ಲ. ನಮ್ಮ ಅಣೆಗಳ ಕಲ್ಲುಗಳನ್ನು ಹೊತ್ತವರು ಯಾರು, ಅವರಲ್ಲಿ ಹೆಂಗಸರೆಷ್ಟು ಮಂದಿ ಎಂದು ಬಾಲಿಕೆಯರು ಆಲೋಚಿಸುವುದಕ್ಕೆ ಇದು ಒಳ್ಳೆಯ ದಾರಿಯು.

೩. ಕಾಲವನ್ನು ಆರಿಸುವುದು

ನವೆಂಬರಿನಿಂದ ಫೆಬ್ರವರಿಯವರೆಗಿನ ತಂಪಾದ ದಿನಗಳು ಯೋಗ್ಯವಾದವುಗಳು. ಬೇಸಿಗೆಯಲ್ಲಿ ಇಲ್ಲಿಯ ಬಂಡೆಗಳು ಒಲೆಯಂತೆ ಕಾಯುವುವು. ಮಳೆಗಾಲದಲ್ಲಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ನದಿಯು ದಡ ಮೀರಿ ಹರಿದು, ನಡುಗಡ್ಡೆಯಾದ ನವವೃಂದಾವನಕ್ಕೆ ದೋಣಿಗಳೂ ನಿಲ್ಲುವುವು. ಕಾಲುವೆಗೆ ಯಾವ ದಿನಗಳಲ್ಲಿ ನೀರು ಬಿಡತಕ್ಕದ್ದೆಂಬುದನ್ನು ನೀರಾವರಿ ಸಲಹಾ ಸಮಿತಿಯು ನಿರ್ಣಯಿಸಿ ಪ್ರಕಟಿಸುವುದು. ಅದನ್ನು ವಿಚಾರಿಸದೆ ಹೊರಟರೆ ಒಣಗಿದ ಕಾಲುವೆಯ ಮುಂದೆ ನಿಂತು ಪಾಠ ಹೇಳಬೇಕಾದೀತು.

ಜನಸಂದಣಿಯ ದಿನಗಳನ್ನು ಬಿಡಬೇಕು. ಅಂಜನಾದ್ರಿಗೆ ಶನಿವಾರಗಳಲ್ಲಿಯೂ, ಮಾರ್ಗಶಿರದ ಹನುಮವ್ರತದ ಸಮಯದಲ್ಲಿಯೂ ಭಕ್ತರು ಬಹಳವಾಗಿ ಬರುವರು. ದಾರಿಯಲ್ಲಿರುವ ಹುಲಿಗಿಯಲ್ಲಿ ಹುಣ್ಣಿಮೆಯ ದಿನ ವಾಹನಗಳ ನೂಕುನುಗ್ಗಲಿರುವುದು. ವಾರದ ನಡುವಣ ಒಂದು ಸಾಧಾರಣ ದಿನವೇ ಒಳ್ಳೆಯದು. ಶಿಕ್ಷಣ ಇಲಾಖೆಯ ಅನುಮತಿಯನ್ನೂ, ತಾಯಿತಂದೆಗಳ ಒಪ್ಪಿಗೆಯ ಪತ್ರವನ್ನೂ ಮೊದಲೇ ಪಡೆಯತಕ್ಕದ್ದು.

೪. ದಿನದ ಕ್ರಮ

ಬೆಳಿಗ್ಗೆ ೬ ಗಂಟೆಗೆ ಭಾಗ್ಯನಗರದಿಂದ ಹೊರಟು, ಗಿಣಿಗೇರಿಯ ಮೇಲೆ ಮುನಿರಾಬಾದಿಗೆ ಬರಬೇಕು. ಅಲ್ಲಿ ಎಡದಂಡೆಯ ಕಾಲುವೆಯು ಹೊರಡುವ ಕಡೆಯನ್ನು ರಸ್ತೆಯಿಂದಲೇ ತೋರಿಸಿ, ಅರ್ಧ ಗಂಟೆಯಲ್ಲಿ ಮುಂದಕ್ಕೆ ಸಾಗಬೇಕು. ಹುಲಿಗಿ, ಶಿವಪುರ, ಸಾಣಾಪುರಗಳ ಮಾರ್ಗವಾಗಿ ಹೋಗುವಾಗ ಬಂಡೆಗುಡ್ಡಗಳ ನಡುವೆ ಹಸುರಾದ ಪಟ್ಟಿಯೊಂದು ಕಾಣತೊಡಗುವುದು. ಅದು ಎಲ್ಲಿ ಆರಂಭವಾಗುವುದೆಂದು ಗುರುತಿಸಲು ಮಕ್ಕಳಿಗೆ ಹೇಳಬೇಕು.

ಸುಮಾರು ೮ ಗಂಟೆಗೆ ಅಂಜನಾದ್ರಿಯ ಬುಡದಲ್ಲಿ ಉಪಾಹಾರವು. ಬೆಟ್ಟಕ್ಕೆ ೫೭೫ ಮೆಟ್ಟಲುಗಳು. ಹನುಮಂತನ ಜನ್ಮಸ್ಥಳವೆಂದು ಭಕ್ತರು ನಂಬಿರುವ ಸ್ಥಳವಾದುದರಿಂದ ಅಲ್ಲಿ ಮೌನವಾಗಿಯೂ ಮರ್ಯಾದೆಯಿಂದಲೂ ವರ್ತಿಸತಕ್ಕದ್ದು. ಏರಬಲ್ಲವರು ಬಿಸಿಲು ಬಲಿಯುವ ಮೊದಲೇ ಏರಿ ಇಳಿಯಲಿ; ಮಿಕ್ಕವರು ಒಬ್ಬ ಉಪಾಧ್ಯಾಯಿನಿಯೊಡನೆ ಕೆಳಗೆ ಇರಲಿ. ಏರಲಾರದವಳನ್ನು ಗೆಳತಿಯರು ಹಾಸ್ಯ ಮಾಡದಂತೆ ನೋಡಿಕೊಳ್ಳಬೇಕು. ಬೆಟ್ಟದ ಮೇಲಿನಿಂದ ಕಾಣುವ ನೋಟವೇ ನಮ್ಮ ಪಾಠದ ಪಟವು: ಬಂಡೆಗಳು, ನದಿ, ಅವುಗಳ ನಡುವೆ ಗದ್ದೆ ಬಾಳೆತೋಟಗಳ ಹಸುರು. ಆ ಹಸುರಿನ ಮೇಲಂಚಿನಲ್ಲಿ ಎಲ್ಲಿಯೋ ಕಾಲುವೆಯಿರುವುದು. ನೀರು ತಾನಾಗಿ ಏರುವುದಿಲ್ಲವಾದ್ದರಿಂದ ಕಾಲುವೆಗಿಂತ ಮೇಲಿರುವ ನೆಲವು ಒಣನೆಲ, ಕೆಳಗಿರುವುದು ತರಿಭೂಮಿ. ಪುಸ್ತಕದ ಹತ್ತು ಪುಟಗಳಲ್ಲಿ ತಿಳಿಯದ ಈ ಸಂಗತಿಯು ಒಂದು ನೋಟದಲ್ಲಿ ತಿಳಿಯುವುದು.

೧೧ ಗಂಟೆಗೆ ಆನೆಗೊಂದಿಯ ಊರೊಳಗೆ ಬಂದು, ಕೋಟೆಯ ಬಾಗಿಲು, ಗಗನಮಹಲು, ರಂಗನಾಥನ ಗುಡಿ ಇವಿಷ್ಟನ್ನೇ ನೋಡಿ, ಕಾಲುವೆಯ ಸೇತುವೆಯ ಬಳಿ ಮುಂದೆ ಹೇಳುವ ಗಣಿತವನ್ನು ಮಾಡಿಸಬೇಕು. ಒಂದು ಗಂಟೆಗೆ ನೆರಳಿನಲ್ಲಿ ಬುತ್ತಿಯ ಊಟ, ವಿಶ್ರಾಂತಿ. ಆ ಬಳಿಕ ಬಾಳೆಯ ನಾರಿನ ಕೆಲಸವನ್ನು ತೋರಿಸುವುದು ಉಚಿತ. ಗೊನೆಯನ್ನು ಕಡಿದ ಮೇಲೆ ಬಿಸಾಡುವ ಬಾಳೆಯ ದಿಂಡಿನಿಂದ ನಾರು ತೆಗೆದು ಹಗ್ಗ, ಚೀಲ, ಚಾಪೆಗಳನ್ನು ಊರಿನ ಹೆಂಗಸರು ಮಾಡುವರು. ೧೯೯೭ರಲ್ಲಿ ಆರಂಭವಾದ ಕಿಷ್ಕಿಂದಾ ಟ್ರಸ್ಟ್ ಎಂಬ ಸಂಸ್ಥೆಯು ಈ ಕಸಬಿಗೆ ಬೆಂಬಲವನ್ನು ಕೊಟ್ಟಿರುವುದು. ಮಗ್ಗದ ಮನೆಯಲ್ಲಿ ಬೆಳೆದ ಭಾಗ್ಯನಗರದ ಬಾಲಿಕೆಯು ನೂಲನ್ನು ಬಲ್ಲಳು. ಈ ನಾರಿನ ಹಿಂದೆಯೂ ಕಾಲುವೆಯ ನೀರೇ ಇರುವುದೆಂದು ಅವಳಿಗೆ ಸುಲಭವಾಗಿ ಹೊಳೆಯುವುದು. ಮೂರು ಗಂಟೆಗೆ ನದಿಯ ದಡವನ್ನು ದೂರದಿಂದ ನೋಡಿ, ನಾಲ್ಕಕ್ಕೆ ಹೊರಟರೆ ಬೆಳಕಿರುವಾಗಲೇ ಮನೆಯನ್ನು ಸೇರಬಹುದು.

೫. ಕಾಲುವೆಯ ಬಳಿ ಮಾಡತಕ್ಕ ಗಣಿತ

ಕೈಹಿಡಿಗೋಡೆಯಿರುವ ಸೇತುವೆಯ ಮೇಲೆ ನಿಂತು, ಒಂದು ಹಗುರವಾದ ಎಲೆಯನ್ನು ನೀರಿಗೆ ಬಿಡಬೇಕು. ರಸ್ತೆಯ ಬದಿಯಲ್ಲಿ ಮೊದಲೇ ಅಳೆದ ೩೦ ಮೀಟರು ದೂರವನ್ನು ಅದು ಎಷ್ಟು ಹೊತ್ತಿನಲ್ಲಿ ದಾಟುವುದೆಂದು ಗಡಿಯಾರದಿಂದ ನೋಡಬೇಕು. ೬೦ ಸೆಕೆಂಡು ಹಿಡಿಯಿತೆಂದು ಭಾವಿಸೋಣ. ಆಗ ವೇಗವು ಸೆಕೆಂಡಿಗೆ ಅರ್ಧ ಮೀಟರು. ಕಾಲುವೆಯ ಅಗಲವು ೪ ಮೀಟರು, ಆಳವು ೧ ಮೀಟರು ಎಂದಿಟ್ಟುಕೊಂಡರೆ, ಗುಣಿಸಿದಾಗ ಸೆಕೆಂಡಿಗೆ ೨ ಘನಮೀಟರು ಬರುವುದು. ಮೇಲಣ ನೀರು ತಳದ ನೀರಿಗಿಂತ ವೇಗವಾಗಿ ಹರಿಯುವುದರಿಂದ ನೂರಕ್ಕೆ ೮೫ರಷ್ಟನ್ನು ತೆಗೆದುಕೊಂಡರೆ ೧.೭ ಘನಮೀಟರು, ಅಂದರೆ ೧೭೦೦ ಲೀಟರು.

ಹಳ್ಳಿಯ ಮನೆಗಳಲ್ಲಿ ಒಬ್ಬರಿಗೆ ದಿನಕ್ಕೆ ೫೫ ಲೀಟರು ನೀರು ದೊರೆಯಬೇಕೆಂದು ಸರಕಾರದ ಜಲಜೀವನ ಯೋಜನೆಯು ಗೊತ್ತುಮಾಡಿದೆ. ೧೭೦೦ನ್ನು ೫೫ರಿಂದ ಭಾಗಿಸಿದರೆ ಸುಮಾರು ೩೦. ಆದುದರಿಂದ ಇಂಥ ಕಾಲುವೆಯಲ್ಲಿ ಒಂದೇ ಸೆಕೆಂಡಿನಲ್ಲಿ ಹರಿದುಹೋಗುವ ನೀರು ಮೂವತ್ತು ಮಂದಿಯ ತರಗತಿಗೆ ಇಡೀ ಒಂದು ದಿನ ಸಾಕಾಗುವುದು. ಕೊಡ ಹೊತ್ತು ದೂರದಿಂದ ನೀರು ತರುವ ತಾಯಂದಿರ ಮಕ್ಕಳಿಗೆ ಈ ಲೆಕ್ಕದ ಅರ್ಥವನ್ನು ವಿವರಿಸಬೇಕಾಗಿಲ್ಲ. ಆಳವನ್ನು ಮಾತ್ರ ನೀರಾವರಿಯವರಿಂದಾಗಲಿ, ಅಳತೆಯ ಗುರುತಿನ ಕಲ್ಲಿನಿಂದಾಗಲಿ ತಿಳಿಯಬೇಕೇ ಹೊರತು, ಕೋಲು ಹಿಡಿದು ಯಾರೂ ಅಂಚಿಗೆ ಇಳಿಯಕೂಡದು.

೬. ಎಚ್ಚರಿಕೆಯ ನಿಯಮಗಳು

ಶಾಂತವಾಗಿ ಕಾಣುವ ಕಾಲುವೆಯು ಹೊಳೆಗಿಂತ ಮೋಸದ್ದು. ಸಿಮೆಂಟಿನ ಇಳಿಜಾರಾದ ದಡದ ಮೇಲೆ ಪಾಚಿ ಕಟ್ಟಿರುವುದು. ಜಾರಿ ಬಿದ್ದವರಿಗೆ ಹಿಡಿಯಲು ಹುಲ್ಲುಕಡ್ಡಿಯೂ ಸಿಕ್ಕದು. ನದಿಯ ಬಂಡೆಗಳ ನಡುವೆ ಸುಳಿಗಳುಂಟು; ಮೇಲೆ ನೀರು ಬಿಟ್ಟಾಗ ಮಟ್ಟವು ಬೇಗನೆ ಏರುವುದು. ೨೦೨೫ರ ಫೆಬ್ರವರಿಯಲ್ಲಿ ಸಾಣಾಪುರದ ಬಳಿ ಬಂಡೆಯ ಮೇಲಿನಿಂದ ನದಿಗೆ ಹಾರಿದ ಪ್ರವಾಸಿಯೊಬ್ಬರು ಸೆಳವಿಗೆ ಸಿಕ್ಕಿ ತೀರಿಕೊಂಡರು. ಆದಕಾರಣ ಈ ಕೆಳಗಿನ ನಿಯಮಗಳನ್ನು ಹೊರಡುವ ಹಿಂದಿನ ದಿನವೇ ಓದಿ ಹೇಳಬೇಕು.

ಹತ್ತು ಮಂದಿ ಬಾಲಿಕೆಯರಿಗೆ ಒಬ್ಬ ಹಿರಿಯ ಸ್ತ್ರೀಯು ಜವಾಬ್ದಾರಳಾಗಿರಬೇಕು. ಇಬ್ಬಿಬ್ಬರನ್ನು ಜೋಡಿ ಮಾಡಿ, ಒಬ್ಬಳ ಇರವನ್ನು ಮತ್ತೊಬ್ಬಳು ಹೇಳುವಂತೆ ಕಲಿಸಬೇಕು. ಬಸ್ಸನ್ನು ಇಳಿದಾಗಲೂ ಏರುವಾಗಲೂ ಎಣಿಕೆಯಾಗಬೇಕು. ನೀರಿನ ಅಂಚಿನಿಂದ ಐದು ಹೆಜ್ಜೆಯೊಳಗೆ ಯಾರೂ ಹೋಗಕೂಡದು. ಕಾಲು ತೊಳೆಯುವುದಕ್ಕಾಗಲಿ, ಪಟ ತೆಗೆದುಕೊಳ್ಳುವುದಕ್ಕಾಗಲಿ ವಿನಾಯಿತಿಯಿಲ್ಲ. ಯಾರಾದರೂ ಬಿದ್ದರೆ ಗೆಳತಿಯು ಹಿಂದೆಯೇ ಹಾರಬಾರದು. ಕೂಗಿ ಜನರನ್ನು ಕರೆದು, ಹಗ್ಗವನ್ನಾಗಲಿ ಸೀರೆಯನ್ನಾಗಲಿ ದಡದಿಂದಲೇ ಎಸೆಯಬೇಕು. ಇಪ್ಪತ್ತು ಮೀಟರಿನ ಗಟ್ಟಿಯಾದ ಹಗ್ಗವೊಂದು ಬುತ್ತಿಯಷ್ಟೇ ಅವಶ್ಯವೆಂದು ತಿಳಿಯತಕ್ಕದ್ದು. ಹರಿಗೋಲಿನ ಸವಾರಿಯು ಶಾಲೆಯ ಕಾರ್ಯಕ್ರಮದಲ್ಲಿ ಬೇಡ. ತೇಲುವ ಅಂಗಿಗಳನ್ನು ತೊಟ್ಟು ತಾಯಿತಂದೆಗಳೊಡನೆ ಮತ್ತೊಂದು ಸಲ ಬಂದು ಅದನ್ನು ಅನುಭವಿಸಬಹುದು. ಔಷಧದ ಪೆಟ್ಟಿಗೆಯಿರಲಿ, ಆಂಬುಲೆನ್ಸಿಗೆ ೧೦೮, ಪೋಲೀಸಿನವರಿಗೆ ೧೧೨ ಎಂಬ ಸಂಖ್ಯೆಗಳು ಪ್ರತಿಯೊಬ್ಬಳಿಗೂ ಬಾಯಿಗೆ ಬರಲಿ.

ಮತ್ತೊಂದು ವಿಷಯವನ್ನು ಸಂಕೋಚದಿಂದ ಮರೆಯಬಾರದು. ಶುಚಿಯಾದ ಶೌಚಗೃಹಗಳು ಎಲ್ಲೆಲ್ಲಿ ಇವೆಯೆಂದು ಒಬ್ಬ ಉಪಾಧ್ಯಾಯಿನಿಯು ಮೊದಲೇ ಹೋಗಿ ನೋಡಿ ಬರಬೇಕು. ಬಾಲಿಕೆಯರು ದಿನವೆಲ್ಲ ನೀರು ಕುಡಿಯದೆ ಇರುವುದಕ್ಕೆ ಇದೇ ಕಾರಣವಾಗಿರುವುದು. ತಿಂಗಳ ದಿನಗಳಲ್ಲಿರುವವರಿಗೆ ಬೇಕಾದ ವಸ್ತುಗಳು ಪೆಟ್ಟಿಗೆಯಲ್ಲಿರಬೇಕು. ಅದಕ್ಕಾಗಿ ಯಾರೂ ಮನೆಯಲ್ಲಿ ಉಳಿಯುವಂತಾಗಬಾರದು.

೭. ಊರಿನವರೊಡನೆ ನಡತೆ

ಆನೆಗೊಂದಿಯು ಹಾಳೂರಲ್ಲ, ಜನರು ಬಾಳುವ ಊರು. ಅವರ ಅಂಗಳವು ನಮ್ಮ ಪ್ರದರ್ಶನಶಾಲೆಯಲ್ಲ. ಕೇಳದೆ ಯಾರ ಮನೆಯನ್ನೂ ಇಣಿಕಬಾರದು, ಯಾರ ಪಟವನ್ನೂ ತೆಗೆಯಬಾರದು. ಗದ್ದೆಯ ಬದುವನ್ನು ತುಳಿದು ಕೆಡಿಸಬಾರದು. ಎಲೆ, ಕಾಗದ, ಪ್ಲಾಸ್ಟಿಕ್ ಇವುಗಳಲ್ಲಿ ಒಂದನ್ನೂ ಕಾಲುವೆಗೆ ಎಸೆಯಬಾರದು. ಗಣಿತಕ್ಕಾಗಿ ಬಿಡುವ ಆ ಒಂದು ಎಲೆಯೇ ಸಾಕು. ನವವೃಂದಾವನವು ಒಂಬತ್ತು ಮಂದಿ ಮಾಧ್ವಯತಿಗಳ ಸಮಾಧಿಸ್ಥಾನವೆಂದೂ, ಅವರಲ್ಲಿ ವ್ಯಾಸರಾಯರು ಒಬ್ಬರೆಂದೂ ದಡದಿಂದಲೇ ತಿಳಿಸಬಹುದು. ನಮ್ಮ ಶಾಲೆಯಲ್ಲಿ ಎಲ್ಲ ಮತದ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಕುಳಿತು ಕಲಿಯುವರಷ್ಟೆ. ಪರರ ಪೂಜಾಸ್ಥಾನದಲ್ಲಿ ತೋರುವ ವಿನಯವು ಆ ಪಂಕ್ತಿಯಲ್ಲಿ ಕಲಿತದ್ದರ ಗುರುತು.

ಕಾಲುವೆಯ ಹೂಳನ್ನು ತೆಗೆಯುವವರೊಡನೆ, ನೀರನ್ನು ಗದ್ದೆಗೆ ತಿರುಗಿಸುವವರೊಡನೆ, ನಾಟಿ ಮಾಡುವ ಹೆಂಗಸರೊಡನೆ ಅವರಿಗೆ ಬಿಡುವಿದ್ದರೆ ಮಾತಾಡಿಸಬೇಕು. ಬೇಸಿಗೆಯಲ್ಲಿ ನೀರು ಕಡಿಮೆಯಾದಾಗ ಮೊದಲಿನ ಗದ್ದೆಯವರಿಗೂ ಕೊನೆಯ ಗದ್ದೆಯವರಿಗೂ ಹೇಗೆ ಹಂಚುವರೆಂದು ಕೇಳಿದರೆ, ಪೌರನೀತಿಯ ಪುಸ್ತಕದಲ್ಲಿಲ್ಲದ ಪಾಠವು ದೊರೆಯುವುದು.

೮. ತಾಯಿತಂದೆಗಳಿಗೂ ಹಳೆಯ ವಿದ್ಯಾರ್ಥಿನಿಯರಿಗೂ

ತಾಯಿತಂದೆಗಳೇ, ಮಗಳನ್ನು ಕಳುಹಿಸುವುದಕ್ಕೆ ಮುಂಚೆ ನೀವು ಪ್ರಶ್ನೆಗಳನ್ನು ಕೇಳಿರಿ: ಹೋಗುವ ಹಿರಿಯರು ಎಷ್ಟು ಮಂದಿ? ಹಿಂದಿರುಗುವ ಹೊತ್ತು ಯಾವುದು? ನೀರಿನ ಬಳಿ ಇರುವ ನಿಯಮವೇನು? ಸರಿಯಾದ ಉತ್ತರವು ದೊರೆಯದಿದ್ದರೆ ಕಳುಹಿಸಬೇಡಿರಿ, ದೊರೆತರೆ ತಡೆಯಬೇಡಿರಿ. ನೀರಿನ ಭಯವನ್ನು ಮಾತ್ರ ಕಲಿತು ಅದರ ಸ್ವಭಾವವನ್ನು ಕಲಿಯದ ಮಗಳು ಮುಂದೆ ತನ್ನ ಮಕ್ಕಳನ್ನು ಕಾಪಾಡಲು ಸಮರ್ಥಳಾಗಳು.

ಹಳೆಯ ವಿದ್ಯಾರ್ಥಿನಿಯರಾದ ಸೋದರಿಯರೇ, ನಿಮ್ಮಲ್ಲಿ ಕೆಲವರು ಉಪಾಧ್ಯಾಯಿನಿಯರು, ಕೆಲವರು ದಾದಿಯರು, ಕೆಲವರು ಮನೆಯನ್ನು ನಡೆಯಿಸುವವರು. ಹತ್ತು ಬಾಲಿಕೆಯರಿಗೆ ಒಬ್ಬರಂತೆ ಬೇಕಾದ ಹಿರಿಯರು ನಿಮ್ಮೊಳಗಿಂದಲೇ ಬರಬೇಕು. ವರ್ಷದಲ್ಲಿ ಒಂದು ದಿನವನ್ನು ಶಾಲೆಗೆ ಕೊಡುವುದು ಭಾರವಲ್ಲ. ಅಣೆಯು ತನಗಾಗಿ ನೀರನ್ನು ಹಿಡಿದಿಡದೆ ಮಟ್ಟವನ್ನು ಏರಿಸಿ ಮುಂದಕ್ಕೆ ಕಳುಹಿಸುವಂತೆ, ಇಲ್ಲಿ ಪಡೆದ ವಿದ್ಯೆಯನ್ನು ಕೆಳಗಿನ ಗದ್ದೆಗಳಿಗೆ ಹರಿಯಿಸುವುದು ನಮ್ಮೆಲ್ಲರ ಕರ್ತವ್ಯವು. ಅದಕ್ಕೆ ಬೇಕಾದ ಬುದ್ಧಿಯನ್ನೂ ಬಲವನ್ನೂ ದೇವರು ದಯಪಾಲಿಸಲಿ.